ಸ್ಟೇಷನ್ ರಸ್ತೆಯ ಆ ಕಡೆ

ಬ್ಯಾಡಗಿ
೯ ಜೂನ್ ೨೦೨೫

ಕೇಬಲ್ ಆಫೀಸಿನ ಕೊಟ್ರಪ್ಪನವರಿಗೆ ನಮಸ್ಕಾರ.

ನಾನು ನಿಮ್ಮ ಆಫೀಸಿನಿಂದ ನಾಲ್ಕನೇ ಮನೆಯಲ್ಲಿ ಬಾಡಿಗೆಗಿರುವ ಶಿಕ್ಷಕಿ. ಏಪ್ರಿಲ್‌ನಲ್ಲಿ ಕುಪ್ಪೇಲೂರಿನಿಂದ ವರ್ಗವಾಗಿ ಬಂದೆ. ನಿಮಗೆ ಏಳು ಸಲ ಫೋನ್ ಮಾಡಿದ್ದೇನೆ. ಏಳು ಸಲವೂ ‘ನಾಳೆ ಮುಂಜಾನೆ ಬರ್ತೇನ್ರಿ ಟೀಚರ’ ಅಂದಿರಿ. ನಿಮ್ಮ ಮುಂಜಾನೆ ಇನ್ನೂ ಆಗಿಲ್ಲವೆಂದು ಕಾಣುತ್ತದೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತಿದೆ, ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ.

ನನ್ನ ತಾಯಿ ಉಚ್ಚಂಗೆವ್ವನಿಗೆ ಹೋದ ವರ್ಷ ಪಾರ್ಶ್ವವಾಯು ಆಗಿ ಎಡಗೈ ಎಡಗಾಲು ಬಿದ್ದುಹೋಗಿವೆ. ನಾನು ಶಾಲೆಗೆ ಹೋದರೆ ಸಂಜೆಯವರೆಗೆ ಅವಳಿಗೆ ಟಿವಿಯೇ ಜೊತೆ. ಫೋನ್ ಹಿಡಿದು ನೋಡುವ ಶಕ್ತಿ ಇಲ್ಲ. ಮಾಳಿಗೆಯ ಮೇಲೆ ಡಿಶ್ ಛತ್ರಿ ಹಾಕಿಸಲು ಮನೆ ಮಾಲೀಕರು ಒಪ್ಪುವುದಿಲ್ಲ. ಹೀಗಾಗಿ ನಿಮ್ಮ ಕೇಬಲ್ಲೇ ಗತಿ. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಸಂಜೆ ನಾನು ಬಂದ ಕೂಡಲೇ ಅವ್ವ ‘ಮುಂದ ಏನಾತವಾ?’ ಎಂದು ಕೇಳುತ್ತಾಳೆ. ನೋಡದ ಧಾರಾವಾಹಿಯ ಕಥೆಯನ್ನು ನಾನೇ ಕಟ್ಟಿ ಹೇಳಬೇಕು. ಹೋದ ವಾರ ಒಬ್ಬ ಅತ್ತೆಯನ್ನು ಸಾಯಿಸಿಬಿಟ್ಟೆ. ಬುಧವಾರ ಕೇಬಲ್ ಬಂದಾಗ ಅವಳು ಹೋಳಿಗೆ ಮಾಡುತ್ತಿದ್ದಳು. ಅವ್ವ ಈಗ ನನ್ನನ್ನು ನಂಬುತ್ತಿಲ್ಲ.

ನಿಮ್ಮ ದಾರಿ ಕಾದು ಬೇಸತ್ತು ರಸ್ತೆ ದಾಟಿ ದಾದಾಪೀರ ಅವರ ಕೇಬಲ್ ಆಫೀಸಿಗೆ ಹೋದೆ. ಅವರು ಚಷ್ಮಾ ಹಣೆಗೇರಿಸಿ ‘ಮನಿ ಯಾವ ಕಡೆ ಐತ್ರಿ?’ ಎಂದರು. ಕೈ ಮಾಡಿ ತೋರಿಸಿದೆ.

‘ಆ ಕಡೆ ನಂದಲ್ರಿ ಮೇಡಂ. ಅದು ಕೊಟ್ರಪ್ಪಂದು.’

‘ಕೊಟ್ರಪ್ಪ ಬರವಲ್ರಲ್ರಿ.’

‘ಬರ್ತಾನ. ಅಂವ ಬರೂತನಕಾ ಕಾಯಬೇಕ್ರಿ.’

ನಾನು ಏಳುವಾಗ ಅವರು ಮೆಲ್ಲಗೆ ‘ಅಂವಗ ಮೊಣಕಾಲು ನೋವು ಇನ್ನೂ ಐತೇನ್ರಿ?’ ಎಂದು ಕೇಳಿದರು. ಎದುರಿನ ವ್ಯಾಪಾರಿಯ ಮೊಣಕಾಲು ಇವರಿಗೇಕೆ ಎಂದು ನನಗೆ ತಿಳಿಯಲಿಲ್ಲ. ಈ ಊರಿನಲ್ಲಿ ಬದನೆಕಾಯಿಯನ್ನು ನಾಲ್ಕು ಅಂಗಡಿ ನೋಡಿ ಕೊಳ್ಳಬಹುದು. ಕೇಬಲ್ಲನ್ನು ಮಾತ್ರ ಮನೆ ಯಾವ ಕಡೆಗಿದೆ ಎಂದು ನೋಡಿ ಕೊಳ್ಳಬೇಕು. ರಸ್ತೆಯ ಅಗಲ ನನ್ನ ಹೆಜ್ಜೆಯಲ್ಲಿ ಇಪ್ಪತ್ತು.

ನೀವಿಬ್ಬರೂ ಊರನ್ನು ಹಂಚಿಕೊಂಡಿದ್ದೀರಿ ಎಂದು ಎಲ್ಲರೂ ಹೇಳುತ್ತಾರೆ. ಈ ವಾರದೊಳಗೆ ನೀವು ಬರದಿದ್ದರೆ ಹಾವೇರಿಯ ಜಿಲ್ಲಾ ಕಚೇರಿಗೆ ದೂರು ಬರೆಯುತ್ತೇನೆ.

ಇತಿ,
ಮಹೇಶ್ವರಿ

*

ಬ್ಯಾಡಗಿ
೧೪ ಜುಲೈ ೨೦೨೫

ದಾದಾಪೀರನಿಗೆ,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ‘ಶ್ರೀ’ ಎಂದು ಬರೆದೆ, ನನಗೇ ನಗು ಬಂತು. ಬರೀ ಹೆಸರಿರಲಿ.

ನಾವು ಮಾತು ಬಿಟ್ಟು ಹದಿನೆಂಟು ವರ್ಷವಾಯಿತು. ಅದನ್ನು ನಾನು ಮುರಿಯುತ್ತಿಲ್ಲ. ಫೋನ್ ಮಾಡಿದರೆ ಮಾತಾಡಿದಂತೆಯೇ, ಹಾಗಾಗಿ ಮಾಡಿಲ್ಲ. ಏನು ಮಾಡಲಿ ಎಂದು ಒದ್ದಾಡುವಾಗ ನನ್ನ ಹೆಂಡತಿ ಶಾರದವ್ವ ತೀರ್ಪು ಕೊಟ್ಟಳು: ‘ಬಾಯಿಲೆ ಮಾತಾಡಂಗಿಲ್ಲ ಅಂದೀರಿ. ಕೈಲೆ ಬರಿಯಂಗಿಲ್ಲ ಅಂತ ಯಾವಾಗ ಅಂದೀರಿ?’ ಅವಳ ಮಾತಿನಲ್ಲಿ ತಪ್ಪು ಸಿಗಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಮನೆಯ ಟೀಚರ ದೂರು ಕೊಟ್ಟಿದ್ದಾರೆ. ಹಾವೇರಿಯಿಂದ ನನಗೆ ನೋಟಿಸು ಬಂದಿದೆ, ನಿನಗೂ ಬಂದಿರಬೇಕು. ಸ್ಟೇಷನ್ ರಸ್ತೆಯ ಉತ್ತರಕ್ಕೆ ಕೊಟ್ರಪ್ಪ, ದಕ್ಷಿಣಕ್ಕೆ ದಾದಾಪೀರ, ಒಬ್ಬರು ಇನ್ನೊಬ್ಬರ ಕಡೆಗೆ ಹೋಗುವುದಿಲ್ಲ, ಗ್ರಾಹಕರಿಗೆ ಆಯ್ಕೆಯೇ ಇಲ್ಲ, ಈ ಒಪ್ಪಂದ ಯಾವಾಗ ಆಯಿತು, ಯಾರ ಎದುರಿಗೆ ಆಯಿತು, ಪ್ರತಿ ಲಗತ್ತಿಸಿ ಎಂದು ಕೇಳಿದ್ದಾರೆ. ಇಬ್ಬರ ಉತ್ತರವೂ ತಾಳೆಯಾಗದಿದ್ದರೆ ನನ್ನ ನೋಂದಣಿ ಮುಂದುವರಿಯುವುದಿಲ್ಲ. ಕಂಬ ಹತ್ತುವುದೊಂದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಅದು ನಿನಗೆ ಗೊತ್ತು.

ಎರಡು ದಿನ ಕುಳಿತು ನೆನಪು ಮಾಡಿಕೊಂಡೆ. ಒಪ್ಪಂದ ಅಂತ ಯಾವುದೂ ನೆನಪಿಗೆ ಬರುತ್ತಿಲ್ಲ. ನಾವು ಎಲ್ಲೂ ಕೂಡಲಿಲ್ಲ, ಚಹಾ ಕುಡಿಯಲಿಲ್ಲ, ಹಿರಿಯರನ್ನು ಕರೆಯಲಿಲ್ಲ. ಆದರೂ ನಾನು ನಿನ್ನ ಕಡೆಗೆ ಒಂದು ಗೇಣು ವೈರು ಎಳೆದಿಲ್ಲ. ಯಾಕೆ ಎಳೆಯಲಿಲ್ಲ? ಯಾರು ಬೇಡ ಅಂದಿದ್ದರು? ಊರವರು ‘ಒಳಗಿಂದೊಳಗ ಇಬ್ರೂ ಒಂದ ಅದಾರ’ ಅನ್ನುತ್ತಾರೆ. ಮಾತೇ ಆಡದವರು ಒಂದಾಗುವುದು ಹೇಗೋ ನನಗೆ ತಿಳಿಯದು.

ನಿನ್ನ ಉತ್ತರ ಏನು ಎಂದು ತಿಳಿಸು. ನಾನೂ ಅದನ್ನೇ ಬರೆಯುತ್ತೇನೆ.

ಕೊಟ್ರಪ್ಪ
ಉತ್ತರ ಭಾಗ

*

ಬ್ಯಾಡಗಿ
೨೨ ಜುಲೈ ೨೦೨೫

ಕೊಟ್ರಪ್ಪನಿಗೆ,

ನಿನ್ನ ಪತ್ರ ಹುಬ್ಬಳ್ಳಿಗೆ ಹೋಗಿ ಠಸ್ಸೆ ಒತ್ತಿಸಿಕೊಂಡು ನಾಲ್ಕು ದಿನದ ಮೇಲೆ ರಸ್ತೆ ದಾಟಿತು. ನೀನು ಅದನ್ನು ಅಂಚೆ ಡಬ್ಬಿಗೆ ಹಾಕಿದ್ದನ್ನು ನಾನು ಗಲ್ಲಾದ ಮೇಲೆ ಕುಳಿತೇ ನೋಡಿದ್ದೆ. ನನಗೇ ಬರೆದದ್ದೆಂದು ಹೊಳೆಯಲಿಲ್ಲ.

ನೋಟಿಸು ನನಗೂ ಬಂದಿದೆ. ‘ಒಪ್ಪಂದ ಇಲ್ಲ’ ಎಂದು ಬರೆದು ಕಳಿಸಿದ್ದೇನೆ. ನೀನೂ ಹಾಗೇ ಬರೆ. ಅದೇ ಖರೆ.

ಯಾಕೆ ಆ ಕಡೆ ಬರಲಿಲ್ಲ ಎಂದು ನನ್ನನ್ನು ಕೇಳಬೇಡ. ನಿನ್ನ ಕಂಬದ ಮೇಲೆ ನಿನ್ನದೇ ಕೈಯ ಕೆಂಪು ಟೇಪು ಇನ್ನೂ ಇದೆ, ಅದನ್ನು ಕೇಳು. ಬಾಗಿಲು ಹಾಕಿದ ಮನೆಗೆ ನಾನು ಹೋಗುವವನಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಆ ಟೀಚರ ಮನೆಯ ಮುಂದಿನ ವೈರಿನ ಜೋಡಣೆಯಲ್ಲಿ ಮಳೆನೀರು ಇಳಿಯುತ್ತಿದೆ. ರಸ್ತೆಯಲ್ಲಿ ನಿಂತರೆ ಕಾಣುತ್ತದೆ. ಒಂದು ಡಬ್ಬಿ ಕಟ್ಟು. ವಯಸ್ಸಾದ ಹೆಣ್ಣುಮಗಳು ಮಲಗಿದಲ್ಲೇ ಇದ್ದಾಳಂತೆ.

ದಾದಾಪೀರ

*

ಬ್ಯಾಡಗಿ
೨೬ ಜುಲೈ ೨೦೨೫

ದಾದಾಪೀರ,

ಟೀಚರ ಮನೆಗೆ ಡಬ್ಬಿ ಕಟ್ಟಿದೆ. ಮೊಣಕಾಲು ಮೊದಲಿನಂತಿಲ್ಲ, ಏಣಿಯ ಐದನೇ ಮೆಟ್ಟಿಲಿನಲ್ಲಿ ಜೀವ ಹೋದಂತಾಯಿತು. ವೈರೇ ಹಳೆಯದಾಗಿದೆ, ಡಬ್ಬಿಗೆ ಬಗ್ಗುವ ರೋಗವಲ್ಲ ಅದು.

ಈಗ ನನ್ನ ಮಾತು ಕೇಳು. ನನ್ನ ಕೆಂಪು ಟೇಪಿನ ಸುದ್ದಿ ಎತ್ತಿದ್ದೀಯ. ಅದಕ್ಕಿಂತ ಮೊದಲು ನಿನ್ನ ಕಪ್ಪು ಟೇಪು ಇತ್ತಲ್ಲ, ಅದನ್ನು ಯಾರು ಸುತ್ತಿದರು?

೨೦೦೭ರ ಫೆಬ್ರವರಿ. ಆಗ ನಮ್ಮಿಬ್ಬರದೂ ಪಾಲುದಾರಿಕೆ, ಒಂದೇ ಡಿಶ್, ನನ್ನ ಮಾಳಿಗೆಯ ಮೇಲೆ. ಅಲ್ಲಿಂದ ರಸ್ತೆ ದಾಟಿ ನಿನ್ನ ಕಂಬಕ್ಕೆ ಒಂದೇ ವೈರು, ಆ ಕಡೆಯ ಮನೆಗಳಿಗೆಲ್ಲ ಅದರಿಂದಲೇ. ಬುಧವಾರ ಸಂಜೆ ನೀನು ಊರಿನದೇ ಒಂದು ಚಾನೆಲ್ ಮಾಡೋಣ, ಮೆಣಸಿನಕಾಯಿ ದರ ತೋರಿಸೋಣ, ಶಾಲೆಯ ಹಾಡು ತೋರಿಸೋಣ ಎಂದೆ. ನಾನು ಬೇಡವೆಂದೆ. ಮಾತಿಗೆ ಮಾತು ಬೆಳೆಯಿತು. ‘ಮಾಳಗಿ ನಂದೈತಿ, ನಾ ಹೇಳಿದಂಗ ಆಗಬೇಕು’ ಎಂದೆ ನಾನು. ಅನ್ನಬಾರದಾಗಿತ್ತು, ಅಂದೆ. ನೀನೂ ಬಿಡಲಿಲ್ಲ. ‘ಹಂಗಾರ ನಿನ್ನ ಮಾಳಗಿ ನಿನಗಿರಲಿ, ನನ್ನ ವೈರು ನನಗಿರಲಿ’ ಎಂದು ಎದ್ದು ಹೋದೆ.

ಗುರುವಾರ ಮುಂಜಾನೆ ನಾನು ಹೊರಗೆ ಬಂದು ನೋಡಿದರೆ ರಸ್ತೆಯ ಮೇಲೆ ವೈರಿಲ್ಲ. ನನ್ನ ಕಡೆಯ ತುಂಡು ಜೋತಾಡುತ್ತಿದೆ, ತುದಿ ಪಕ್ಕಡದಿಂದ ಕತ್ತರಿಸಿದ್ದು. ನಿನ್ನ ಕಂಬದ ತುದಿಗೆ ಕಪ್ಪು ಟೇಪು. ನೀನು ಎಡಗೈಯವನು, ನಿನ್ನ ಟೇಪಿನ ಸುತ್ತು ಉಳಿದವರದಕ್ಕೆ ಉಲ್ಟಾ ಇರುತ್ತದೆ. ಎಷ್ಟು ದೂರದಿಂದಲೂ ನಾನು ಗುರುತು ಹಿಡಿಯುತ್ತೇನೆ. ಬೇರೆ ಯಾರದೂ ಅಲ್ಲ ಎಂದು ಖಾತ್ರಿಯಾಯಿತು. ಆಡಿದ್ದನ್ನು ಮಾಡಿ ತೋರಿಸಿದ ಎಂದುಕೊಂಡೆ. ಸಿಟ್ಟಿನಲ್ಲಿ ನನ್ನ ತುದಿಗೂ ಕೆಂಪು ಟೇಪು ಸುತ್ತಿ ಕಂಬದ ಪೆಟ್ಟಿಗೆ ಮುಚ್ಚಿದೆ.

ಕತ್ತರಿಸಿದವನು ನೀನು. ನಾನು ಮುಚ್ಚಿದೆ ಅಷ್ಟೇ. ಹೀಗಿರುವಾಗ ಬಾಗಿಲು ಹಾಕಿದವನು ನಾನು ಎಂದು ಹೇಗೆ ಬರೆಯುತ್ತೀ? ನನಗೆ ಏನೂ ಅರ್ಥವಾಗುತ್ತಿಲ್ಲ.

ಕೊಟ್ರಪ್ಪ

*

ರಾಣೆಬೆನ್ನೂರು
೩೦ ಆಗಸ್ಟ್ ೨೦೨೫

ಕೊಟ್ರಪ್ಪ,

ಇಲ್ಲಿ ಮಗಳು ಸಿಮ್ರಾನಳ ಮನೆಯಲ್ಲಿದ್ದೇನೆ. ಕಣ್ಣಿನ ಪೊರೆ ತೆಗೆಸಿದ್ದಾರೆ. ನಿನ್ನ ಪತ್ರ ಅಂಗಡಿಯಲ್ಲೇ ಬಿದ್ದಿತ್ತು, ಮೊನ್ನೆ ಅಳಿಯ ತಂದುಕೊಟ್ಟ. ಸಿಮ್ರಾನ್ ಓದಿ ಹೇಳಿದಳು. ಈಗ ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ.

ಆ ವೈರನ್ನು ನಾನು ಕಡಿಯಲಿಲ್ಲ.

ಅದು ಮಾರುಕಟ್ಟೆಯ ಗುರುವಾರ. ನಸುಕಿನಲ್ಲಿ ಅಂಗಡಿಗೆ ಬಂದಾಗ ವೈರು ರಸ್ತೆಗೆ ಬಿದ್ದಿತ್ತು. ಮೆಣಸಿನಕಾಯಿಯ ಲಾರಿ ಎಳೆದುಕೊಂಡು ಹೋಗಿತ್ತು. ಆ ದಿನಗಳಲ್ಲಿ ಚೀಲವನ್ನು ಎಷ್ಟು ಎತ್ತರಕ್ಕೆ ಹೇರುತ್ತಿದ್ದರೆಂದು ನಿನಗೆ ಗೊತ್ತು. ಹರಿದ ಕಡೆ ಗೋಣಿಯ ನಾರು ಸಿಕ್ಕಿತ್ತು, ಕೆಂಪು ಪುಡಿ ಮೆತ್ತಿತ್ತು. ಹಿಡಿದ ಕೂಡಲೇ ಸೀನಿ ಸೀನಿ ಸಾಕಾಯಿತು. ಮಾಲು ತರುವ ಬೈಕು, ಗಾಡಿ ಸಾಲುಗಟ್ಟಿ ಬರುತ್ತಿದ್ದವು. ಯಾರಾದರೂ ಕುತ್ತಿಗೆಗೆ ಸಿಕ್ಕಿಸಿಕೊಂಡಾರು ಎಂದು ಹರಿದ ಭಾಗವನ್ನೆಲ್ಲ ಎರಡೂ ಕಡೆಯಿಂದ ಕತ್ತರಿಸಿ ಸುತ್ತಿಟ್ಟೆ. ನನ್ನ ಕಂಬದ ತುದಿಗೆ ಮಂಜು ಇಳಿಯದಂತೆ ಟೇಪು ಹಾಕಿದೆ. ಕತ್ತರಿಸಿದ ತುದಿಯನ್ನು ಬರೀ ಮೈಯಲ್ಲಿ ಬಿಡಬಾರದು ಎಂದು ನನಗೆ ಕಲಿಸಿದವನೇ ನೀನು. ನಿನ್ನ ಕಂಬ ನಿನ್ನ ಗೋಡೆಗಿತ್ತು. ಹಿಂದಿನ ದಿನ ಜಗಳವಾಡಿದ್ದೆವು. ಹೇಳದೆ ಹತ್ತಲು ಮನಸ್ಸಾಗಲಿಲ್ಲ.

ಅವತ್ತು ಸಂಜೆ ಹೊಸ ವೈರು ಹೆಗಲಿಗೆ ಹಾಕಿ, ಅದನ್ನು ಜೋಡಿಸುವ ಎರಡು ಜಾಯಿಂಟರು ಜೇಬಿನಲ್ಲಿಟ್ಟುಕೊಂಡು ನಿನ್ನ ಕಡೆ ಬಂದೆ. ಮಾಳಿಗೆಯ ಮಾತಿಗೆ ಸಿಟ್ಟಿತ್ತು, ಆದರೂ ಬಂದೆ. ನಿನ್ನ ತುದಿಗೆ ಕೆಂಪು ಟೇಪು, ಬಿಗಿಯಾಗಿ ಮೂರು ಸುತ್ತು. ಪೆಟ್ಟಿಗೆಗೆ ಬೀಗ. ಇವನಿಗೆ ಬೇಡವಾಗಿದೆ ಎಂದುಕೊಂಡು ಹೊರಳಿ ಹೋದೆ. ವಾರದೊಳಗೆ ಸಾಲ ಮಾಡಿ ನನ್ನದೇ ಡಿಶ್ ಹಾಕಿದೆ.

ಲಾರಿ ಬಂದದ್ದು ನಿನಗೆ ಗೊತ್ತೇ ಇದೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಗೊತ್ತಿದ್ದೂ ಜೋಡಿಸಲಿಲ್ಲ ಎಂದೇ ನನ್ನ ಸಂಕಟ.

ದಾದಾಪೀರ

ಕೊಟ್ರಪ್ಪ ಕಾಕಾ, ಇದು ನಾನು ಸಿಮ್ರಾನ್, ಅಪ್ಪನಿಗೆ ಗೊತ್ತಾಗದಂತೆ ಬರೆಯುತ್ತಿದ್ದೇನೆ. ಇದನ್ನು ಹೇಳುವಾಗ ಅಪ್ಪ ಮೂರು ಸಲ ನಿಲ್ಲಿಸಿದರು. ಕಣ್ಣೀರು ಹಾಕಬಾರದು ಎಂದು ಡಾಕ್ಟರು ಹೇಳಿದ್ದಾರೆ. ದಯವಿಟ್ಟು ಸ್ವಲ್ಪ ದಿನ ಬಿಟ್ಟು ಉತ್ತರ ಬರೆಯಿರಿ.

*

ಬ್ಯಾಡಗಿ
೧೮ ಸೆಪ್ಟೆಂಬರ್ ೨೦೨೫

ದಾದಾ,

ಸಿಮ್ರಾನ್ ಹೇಳಿದಷ್ಟು ದಿನ ಬಿಟ್ಟೆ. ಇಲ್ಲದಿದ್ದರೂ ಬರೆಯಲು ಆಗುತ್ತಿರಲಿಲ್ಲ.

ಪತ್ರವನ್ನು ನಾಲ್ಕು ಸಲ ಓದಿದೆ. ಶಾರದವ್ವನಿಗೆ ಕೊಟ್ಟೆ. ಅವಳು ಓದಿ, ಮಡಚಿ, ನನ್ನ ಮುಖ ನೋಡಿ ‘ಇಪ್ಪತ್ತ ಹೆಜ್ಜಿ ಇತ್ತಲ್ರಿ’ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಸಿಟ್ಟನ್ನು ಈಗ ಯಾರ ಮೇಲೆ ಇಡಲಿ ಎಂದು ತಿಳಿಯುತ್ತಿಲ್ಲ. ಹದಿನೆಂಟು ವರ್ಷ ನಿನ್ನ ಮೇಲಿಟ್ಟು ರೂಢಿಯಾಗಿಬಿಟ್ಟಿದೆ. ಮುಂಜಾನೆ ಬಾಗಿಲು ತೆಗೆದು ನಿನ್ನ ಅಂಗಡಿ ನೋಡಿದ ಕೂಡಲೇ ಹುಬ್ಬು ತಾನೇ ಗಂಟಾಗುತ್ತದೆ, ಆಮೇಲೆ ಲಾರಿಯ ನೆನಪಾಗುತ್ತದೆ. ಆ ಲಾರಿಯವನಿಗೆ ವೈರು ತಾಗಿದ್ದೂ ಗೊತ್ತಿರಲಿಕ್ಕಿಲ್ಲ. ಹುಬ್ಬಳ್ಳಿಯಲ್ಲಿ ಮಾಲು ಇಳಿಸಿ ಊಟ ಮಾಡಿ ಮಲಗಿರುತ್ತಾನೆ.

ನಿನ್ನೆ ಏಣಿ ಹಾಕಿ ನನ್ನ ಕಂಬ ಹತ್ತಿದೆ. ಟೇಪು ಹಾಗೇ ಇದೆ. ಬಣ್ಣ ಹೋಗಿ ಒಣಮೆಣಸಿನ ಸಿಪ್ಪೆಯಂತೆ ಸೆಟೆದುಕೊಂಡಿದೆ. ಅದನ್ನು ಬಿಚ್ಚಲು ಹೋದೆ, ಕೈ ಬರಲಿಲ್ಲ. ಕೆಳಗಿಳಿದು ಕಟ್ಟೆಯ ಮೇಲೆ ಕುಳಿತೆ. ನನಗೆ ನಾಚಿಕೆಯಾಗುತ್ತಿದೆ ದಾದಾ. ಸಂಕಟಕ್ಕಿಂತ ಹೆಚ್ಚು ನಾಚಿಕೆಯೇ ಆಗುತ್ತಿದೆ. ‘ಏ ದಾದ್ಯಾ, ಯಾಕೋ ಕಡದಿ?’ ಎಂದು ಅವತ್ತು ಈ ಕಡೆ ನಿಂತು ಒಂದು ಸಲ ಕೂಗಿದ್ದರೆ ಮುಗಿಯುತ್ತಿತ್ತು. ಯಾಕೆ ಕೂಗಲಿಲ್ಲ? ಇದಕ್ಕೂ ಪ್ರತಿ ಲಗತ್ತಿಸು ಎಂದರೆ ನನ್ನ ಹತ್ತಿರ ಇಲ್ಲ.

ಇನ್ನೆರಡು ಮಾತು ಒಪ್ಪಿಕೊಳ್ಳಬೇಕು. ನೀನು ಹೇಳಿದ ಊರಿನ ಚಾನೆಲ್ಲನ್ನು ಮೂರು ವರ್ಷ ಬಿಟ್ಟು ನಾನೇ ಶುರು ಮಾಡಿದೆ. ಮೆಣಸಿನಕಾಯಿ ದರ, ಶಾಲೆಯ ಹಾಡು, ಎಲ್ಲ ನೀನು ಹೇಳಿದಂತೆಯೇ. ನಿನ್ನ ಹೆಸರು ಎಲ್ಲೂ ಹೇಳಲಿಲ್ಲ. ಸಿಮ್ರಾನಳ ಮದುವೆಯ ದಿನ ಕರೆಂಟು ಹೋದಾಗ ಪೆಂಡಾಲಿನ ಹಿಂದೆ ಯಾರದೋ ಜನರೇಟರು ಬಂತಲ್ಲ, ಅದು ನನ್ನದು. ನಿನಗೆ ಹೇಳಬಾರದೆಂದು ತಂದವನಿಗೆ ಆಣೆ ಹಾಕಿಸಿದ್ದೆ. ಒಂದನ್ನು ಇನ್ನೊಂದಕ್ಕೆ ವಜಾ ಹಾಕು ಎಂದು ಕೇಳುತ್ತಿಲ್ಲ. ಎರಡೂ ಮನಸ್ಸಿನಲ್ಲಿ ಉಳಿದಿದ್ದವು.

ಹಾವೇರಿಗೆ ‘ಒಪ್ಪಂದ ಇಲ್ಲ’ ಎಂದು ಬರೆದಿದ್ದೇನೆ. ಬರೆಯುವಾಗ ಖರೆ ಬರೆಯುತ್ತಿದ್ದೇನೋ ಸುಳ್ಳೋ ತಿಳಿಯಲಿಲ್ಲ.

ನಿನ್ನ
ಕೊಟ್ರ್ಯಾ

*

ಬ್ಯಾಡಗಿ
೧೩ ಅಕ್ಟೋಬರ್ ೨೦೨೫

ಕೊಟ್ರ್ಯಾ,

ಊರಿಗೆ ಬಂದು ವಾರವಾಯಿತು. ಹೊಸ ಕಣ್ಣಿಗೆ ಎಲ್ಲವೂ ಹತ್ತಿರ ಕಾಣುತ್ತದೆ. ನೀನು ತುಂಬ ಮುದುಕನಾಗಿದ್ದೀ. ಹಳೆಯ ಕಣ್ಣಿಗೆ ಅದು ಗೊತ್ತಾಗಿರಲಿಲ್ಲ.

ಜನರೇಟರು ನಿನ್ನದೆಂದು ಅವತ್ತೇ ಗೊತ್ತಿತ್ತು. ಅದರ ಹಗ್ಗದ ಗಂಟು ನೀನು ಹಾಕುವ ಗಂಟು. ತಿರುಗಿ ಕಳಿಸಬೇಕೆಂದುಕೊಂಡೆ, ಬೀಗರು ಕತ್ತಲೆಯಲ್ಲಿ ಕುಳಿತಿದ್ದರು. ಕಳಿಸಲಿಲ್ಲ. ಅಷ್ಟು ಗೊತ್ತಿದ್ದೂ ನಾನು ರಸ್ತೆ ದಾಟಲಿಲ್ಲವಲ್ಲ, ನಾಚಿಕೆಯಲ್ಲಿ ನನಗೂ ಪಾಲಿದೆ.

ಹಾವೇರಿಯಿಂದ ಎರಡನೇ ಪತ್ರ ಬಂದಿದೆ, ನಿನಗೂ ಬಂದಿರುತ್ತದೆ. ಇಬ್ಬರ ಉತ್ತರವೂ ತಾಳೆಯಾಗಿದೆಯಂತೆ. ಆದರೆ ಒಪ್ಪಂದವಿಲ್ಲದಿದ್ದರೆ ಪೈಪೋಟಿ ಯಾಕಿಲ್ಲ ಎಂದು ಅವರಿಗೂ ತಿಳಿಯುತ್ತಿಲ್ಲ. ಈ ತಿಂಗಳ ಕೊನೆಯೊಳಗೆ ಇಬ್ಬರೂ ಎದುರಿನ ಕಡೆ ಒಂದೊಂದಾದರೂ ಮನೆಗೆ ಸಂಪರ್ಕ ಕೊಟ್ಟು ತೋರಿಸಬೇಕಂತೆ. ಈ ವಯಸ್ಸಿನಲ್ಲಿ ನಿನ್ನ ಜೊತೆ ಪೈಪೋಟಿಗೆ ಬೀಳಬೇಕೆಂದು ಸರಕಾರಿ ಆದೇಶವಾಗಿದೆ. ಸಿಮ್ರಾನಳಿಗೆ ಫೋನಿನಲ್ಲಿ ಓದಿ ಹೇಳಿದೆ, ಅವಳು ನಗುತ್ತಲೇ ಇದ್ದಳು.

ನಾನು ಯೋಚಿಸಿದ್ದು ಹೀಗೆ. ಆ ಟೀಚರ ಮನೆ ನನಗೆ ಬಿಡು. ನನ್ನ ಹತ್ತಿರ ಹೊಸ ವೈರಿದೆ, ಉಚ್ಚಂಗೆವ್ವ ಮಳೆಯಲ್ಲೂ ನೋಡಬಹುದು. ಅದಕ್ಕೆ ಬದಲು ಈ ಕಡೆ ನಿನ್ನ ಮೊದಲ ಗಿರಾಕಿ ನಾನೇ ಆಗುತ್ತೇನೆ. ನಗಬೇಡ. ಆ ಊರಿನ ಚಾನೆಲ್ಲನ್ನು ನಾನು ಒಂದು ದಿನವೂ ನೋಡಿಲ್ಲ. ನಿನ್ನ ಕಡೆಯ ಗಿರಾಕಿಗಳು ನನ್ನ ಅಂಗಡಿಗೆ ಬಂದು ಅದರ ಸುದ್ದಿ ಹೇಳುವಾಗ ಎದ್ದು ಒಳಗೆ ಹೋಗುತ್ತಿದ್ದೆ. ಹದಿನೈದು ವರ್ಷವಾಯಿತು, ನಾನು ಕನಸು ಕಂಡಿದ್ದು ಹೇಗಿದೆ ಎಂದು ನೋಡಬೇಕು.

ವೈರು ಮೊದಲಿದ್ದ ಜಾಗದಲ್ಲೇ ರಸ್ತೆ ದಾಟಲಿ. ನಿನ್ನ ಕಂಬ ನಾನು ಹತ್ತುತ್ತೇನೆ, ನಿನ್ನ ಮೊಣಕಾಲಿಗೆ ಅದು ಆಗದ ಕೆಲಸ. ನೀನು ಏಣಿ ಹಿಡಿದರೆ ಸಾಕು. ಭಾನುವಾರ ೨೬ಕ್ಕೆ ಬರುತ್ತೇನೆ. ಜಾಯಿಂಟರು ತರಬೇಡ, ಎರಡೂ ನನ್ನ ಡಬ್ಬಿಯಲ್ಲಿವೆ. ಹಳೆಯವು, ಹೊಂದುತ್ತವೋ ಇಲ್ಲವೋ ನೋಡಬೇಕು.

ಮಾತಾಡುವುದೋ ಬಿಡುವುದೋ, ಅದನ್ನು ಅವತ್ತು ನೋಡೋಣ. ಹೇಗೆ ಶುರು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ದಾದ್ಯಾ

*

ಬ್ಯಾಡಗಿ
೨೭ ಅಕ್ಟೋಬರ್ ೨೦೨೫

ಕೊಟ್ರಪ್ಪನವರಿಗೆ ಹಾಗೂ ದಾದಾಪೀರ ಅವರಿಗೆ ನಮಸ್ಕಾರ.

ಇಬ್ಬರಿಗೂ ಒಂದೇ ಪತ್ರ ಬರೆಯುತ್ತಿದ್ದೇನೆ. ಇನ್ನು ಮುಂದೆ ಯಾರಿಗೆ ದೂರಬೇಕು ಎಂಬುದೇ ನನಗೆ ಗೊತ್ತಾಗುತ್ತಿಲ್ಲ.

ನಿನ್ನೆ ಭಾನುವಾರ ಹತ್ತು ಗಂಟೆಗೆ ನೀವಿಬ್ಬರೂ ನನ್ನ ಮನೆಗೆ ಹೊಸ ಸಂಪರ್ಕ ಕೊಡಲು ಬಂದಿರಿ. ಅವ್ವನಿಗೆ ಕಾಣಲಿ ಎಂದು ಮಂಚವನ್ನು ಕಿಟಕಿಗೆ ಸರಿಸಿದ್ದೆ. ದಾದಾಪೀರ ಅವರು ಕೊಟ್ರಪ್ಪನವರ ಕಂಬ ಹತ್ತಿದರು, ಕೊಟ್ರಪ್ಪನವರು ಎರಡೂ ಕೈಯಿಂದ ಏಣಿ ಹಿಡಿದರು. ಒಂದು ತಾಸು ಇಬ್ಬರ ಬಾಯಿಂದಲೂ ಮಾತಿಲ್ಲ. ಮೇಲಿನವರು ಕೈ ಮಾಡಿದರೆ ಕೆಳಗಿನವರು ಪಕ್ಕಡ ಕೊಡುತ್ತಿದ್ದರು, ಇನ್ನೊಮ್ಮೆ ಕೈ ಮಾಡಿದರೆ ವೈರು ಬಿಡುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ದಿನಾ ಕೂಡಿ ಕೆಲಸ ಮಾಡುವವರೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ನೀವು ಶತ್ರುಗಳೋ ಪಾಲುದಾರರೋ ತಿಳಿಯಲಿಲ್ಲ, ಊರು ಹಂಚಿಕೊಂಡಿದ್ದೀರಿ ಎಂದು ದೂರಿನಲ್ಲಿ ಬರೆದದ್ದು ತಪ್ಪಾಯಿತೇನೋ ಎನ್ನಿಸಿತು.

ಕೊನೆಗೆ ದಾದಾಪೀರ ಅವರು ಏನೋ ಹಳೆಯದನ್ನು ಬಿಚ್ಚಿ ಕೆಳಗೆ ಬಿಟ್ಟರು. ಟೇಪಿನ ಚೂರು. ಆಮೇಲೆ ಕೈ ಕೆಳಗೆ ಚಾಚಿ ‘ಟೇಪ್ ಕೊಡಲೇ ಕೊಟ್ರ್ಯಾ’ ಎಂದರು. ಚಾಚಿದ ಕೈಗೆ ಟೇಪು ಬರಲಿಲ್ಲ. ನಾನು ಬಾಗಿಲಿಗೆ ಬಂದು ನೋಡಿದೆ. ಟೇಪು ಕೊಟ್ರಪ್ಪನವರ ಜೇಬಿನಲ್ಲೇ ಇತ್ತು. ಅವರು ಏಣಿಗೆ ಹಣೆ ಹಚ್ಚಿ ನಿಂತಿದ್ದರು, ಹೆಗಲು ಅಲುಗುತ್ತಿತ್ತು.

‘ಏಣಿ ಅಳ್ಳಾಡಾಕತ್ತೈತಿ. ಬೀಳ್ತೇನೋ’ ಎಂದರು ದಾದಾಪೀರ.

‘ಬೀಳು. ಹಿಡಕೊಂಡೇನಿ’ ಎಂದರು ಕೊಟ್ರಪ್ಪನವರು.

ಇದರಲ್ಲಿ ಅಳುವಂಥದ್ದು ಏನಿತ್ತು ಎಂದು ನನಗೆ ಈಗಲೂ ತಿಳಿದಿಲ್ಲ. ನನ್ನ ಕಣ್ಣಲ್ಲಿ ಯಾಕೆ ನೀರು ಬಂತು ಎಂಬುದೂ ತಿಳಿದಿಲ್ಲ.

ಏಣಿ ಇಳಿದ ಮೇಲೆ ನೀವು ನನ್ನ ಕಟ್ಟೆಯ ಮೇಲೆ ಕುಳಿತಿರಿ. ಚಹಾ ಕೊಟ್ಟೆ, ಕುಡಿದಿರಿ. ಇನ್ನೊಮ್ಮೆ ಕೊಟ್ಟೆ, ಅದನ್ನೂ ಕುಡಿದಿರಿ. ಯಾವುದೋ ಲಾರಿಯ ಮಾತು, ಸಿಮ್ರಾನ್ ಎಂಬ ಹುಡುಗಿಯ ಮದುವೆಯ ಮಾತು, ಮಾಳಿಗೆಯ ಮಾತು, ಮುಗಿಯಲೇ ಇಲ್ಲ. ಸಂಜೆ ನಾಲ್ಕಕ್ಕೆ ಶಾರದವ್ವನವರು ಬಂದು ಇಬ್ಬರನ್ನೂ ಊಟಕ್ಕೆ ಎಬ್ಬಿಸಿಕೊಂಡು ಹೋದರು.

ಹೋಗುವಾಗ ನನ್ನ ಹಳೆಯ ವೈರನ್ನು ಕಿತ್ತು ಸುತ್ತಿ ಹೆಗಲಿಗೆ ಹಾಕಿಕೊಂಡಿರಿ. ಹೊಸ ವೈರಿನ ತುದಿಗೆ ನೀಟಾಗಿ ಟೇಪು ಸುತ್ತಿ ಕಿಟಕಿಯಲ್ಲಿ ಬಿಟ್ಟಿದ್ದೀರಿ. ಅದನ್ನು ಟಿವಿಗೆ ಜೋಡಿಸಲು ಮರೆತಿದ್ದೀರಿ. ಜೂನ್‌ನಲ್ಲಿ ಮಳೆ ಬಂದಾಗ ಮಾತ್ರ ಟಿವಿ ಇರುತ್ತಿರಲಿಲ್ಲ. ಈಗ ಬಿಸಿಲಿದ್ದರೂ ಇಲ್ಲ.

ಅವ್ವನಿಗೆ ‘ನಾಳೆ ಜೋಡಸ್ತಾರಬೇ’ ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆ ‘ಇರಲಿ ಬಿಡು. ಆ ಇಬ್ರೂ ಮತ್ತ ಬರ್ತಾರಿಲ್ಲೋ ಅಷ್ಟ ಕೇಳು’ ಎಂದಳು.

ಅದಕ್ಕೇ ಕೇಳುತ್ತಿದ್ದೇನೆ. ದಯವಿಟ್ಟು ಬನ್ನಿ. ಒಬ್ಬರೇ ಬರಬೇಡಿ.

ಇತಿ,
ಮಹೇಶ್ವರಿ